ಕೆಳಗಿದ್ದ ಸ್ವಿಚ್ಚು

ಮೂರನೇ ಸಲ ಧನಲಕ್ಷ್ಮಿ ಗಂಡನ ಬಲಗೈಯನ್ನು ಪಂಚೆಯ ಅಂಚಿನೊಳಗೆ ಸರಿಸಿದಳು. ಬಂದವರು ಹಾರ ಹಾಕಲೆಂದು ಐಸ್ ಪೆಟ್ಟಿಗೆಯ ಗಾಜಿನ ಮುಚ್ಚಳ ತೆಗೆದಾಗಲೆಲ್ಲ ಪಂಚೆ ಜಾರಿ ಆ ಕೈ ಆಚೆ ಬರುತ್ತಿತ್ತು.

"ಬಿಡಮ್ಮಿ, ಎಷ್ಟು ಸಲ ಮುಚ್ತೀಯ," ಎಂದಳು ಪಕ್ಕದಲ್ಲಿ ಕೂತಿದ್ದ ಚಿಕ್ಕಮುನಿಯಮ್ಮ. ಸತ್ತ ಮುನಿಆಂಜನಪ್ಪನ ಅಕ್ಕ ಆಕೆ. "ಇನ್ನೇನು ನೀರು ಹಾಕೋ ಹೊತ್ತು. ಹೆಂಗೂ ಎಲ್ಲಾ ಬಿಚ್ಚಬೇಕಲ್ಲ."

ಧನಲಕ್ಷ್ಮಿಯ ಕೈ ನಿಂತಿತು. ನೀರು ಹಾಕುವುದೊಂದು ಇದೆ ಎಂಬುದನ್ನೇ ಅವಳು ಮರೆತಿದ್ದಳು.

ದೊಮ್ಮಲೂರಿನ ಹಳೇ ಊರಿನ ಆ ಗಲ್ಲಿಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರು. ಆಫೀಸಿಗೆ ಹೊರಟ ಬೈಕಿನವರು ಬಂದು ನೋಡಿ, ಸದ್ದಿಲ್ಲದೆ ವಾಪಸು ತಿರುಗುತ್ತಿದ್ದರು. ತಮಟೆಯವರು ಕಾಂಪೌಂಡಿಗೆ ಒರಗಿ ಟೀ ಕುಡಿಯುತ್ತಿದ್ದರು. ಮಹಡಿಯ ಬಾಡಿಗೆಯವರು ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು.

ಮಗ ನಿತೀಶ್, ದಾಯಾದಿ ಚಂದ್ರಾಮಪ್ಪ, ಇನ್ನಿಬ್ಬರು ಸೇರಿ ದೇಹವನ್ನು ಅಂಗಳದ ಹಲಗೆಯ ಮೇಲೆ ಮಲಗಿಸಿದರು. ಚೊಂಬು ಧನಲಕ್ಷ್ಮಿಯ ಕೈಗೆ ಬಂತು. ಅವಳು ತಲೆಯಿಂದ ಶುರು ಮಾಡಿ ಎಡಗಡೆಗೇ ನೀರು ಹೊಯ್ದಳು. ಚಂದ್ರಾಮಪ್ಪ ಬಲಗೈಯನ್ನು ಎತ್ತಿ ಉಜ್ಜತೊಡಗಿದವನು ನಿಲ್ಲಿಸಿದ.

"ಇದೇನೋ ಇದು, ಕಿರುಬೆರಳು ಹಿಂಗೆ ಕರ್ರಗಾಗೈತೆ?"

"ಅಪ್ಪನ ಕೈ ಯಾವತ್ತು ನೆಟ್ಟಗಿತ್ತು ದೊಡ್ಡಪ್ಪ," ಎಂದ ನಿತೀಶ್. "ದಿನಾ ಸೋಲ್ಡರಿಂಗ್ ಐರನ್ ತಗಲಿಸ್ಕೊತಾನೇ ಇದ್ರು."

"ಅಲ್ಲ ಕಣೋ, ಇದು ಹೊಸ ಗಾಯ. ಕರೆಂಟ್ ಏನಾದ್ರೂ ಹೊಡೀತಾ ಅಂತ. ನನ್ ಭಾವಮೈದ ಬೋರ್‌ವೆಲ್ ಮೋಟ್ರು ಹತ್ರ ಹೋದ್ನಲ್ಲ, ಅವನ ಬೆರಳೂ ಹಿಂಗೇ ಇತ್ತು. ಆಮೇಲೆ ಪೊಲೀಸ್ರು ಬಂದ್ರು, ಪೋಸ್ಟ್‌ಮಾರ್ಟಮ್ ಅಂತ ಕುಯ್ದು ಬಟ್ಟೆ ಸುತ್ತಿ ಕೊಟ್ರು. ಕರೆಂಟ್ ಯಾರು ಹಾಕಿದ್ದು, ಯಾರು ಹಾಕಿದ್ದು ಅಂತ ಮನೆ ಹೆಂಗಸರನ್ನೆಲ್ಲಾ ಸ್ಟೇಷನ್ನಿಗೆ ಕರೆಸಿ ಕೇಳಿದ್ರು."

"ಡಾಕ್ಟ್ರು ಹಾರ್ಟ್ ಅಂತ ಬರ್ದುಕೊಟ್ಟಿದಾರೆ. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸ್ಕೊಂಡಿದ್ದ ಮನುಷ್ಯ. ಸುಮ್ನಿರಿ ದೊಡ್ಡಪ್ಪ, ಅಮ್ಮ ಇಲ್ಲೇ ಇದಾಳೆ."

ಚಂದ್ರಾಮಪ್ಪ ಮತ್ತೆ ತೋಳು ಉಜ್ಜತೊಡಗಿದ. ಆದರೆ ಚಿಕ್ಕಮುನಿಯಮ್ಮ ಬಗ್ಗಿ ತಮ್ಮನ ಬೆರಳನ್ನು ಒಂದು ಗಳಿಗೆ ನೋಡಿ, ಆಮೇಲೆ ಧನಲಕ್ಷ್ಮಿಯ ಮುಖ ನೋಡಿದಳು. ಚೊಂಬಿನ ನೀರು ತುಳುಕಿ ಧನಲಕ್ಷ್ಮಿಯ ಪಾದದ ಮೇಲೆಯೇ ಬಿತ್ತು.

ಕರೆಂಟ್ ಹಾಕಿದ್ದು ಅವಳೇ. ಅದು ಅವಳಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

*

ಮದುವೆಯಾಗಿ ಬಂದ ವರ್ಷ ಈ ಮನೆ ಹೆಂಚಿನದು. ಹಿತ್ತಿಲಾಚೆ ಮಾವನ ಸೊಪ್ಪಿನ ತೋಟವಿತ್ತು. ಮುನಿಆಂಜನಪ್ಪ ಕೆ.ಆರ್. ಪುರದ ಕಡೆಯ ಟೆಲಿಫೋನ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ದಾಯಾದಿಗಳಂತೆ ಅವನಿಗೆ ಭೂಮಿಯ ಹುಚ್ಚಿರಲಿಲ್ಲ, ಇಸ್ಪೀಟಿನ ಹುಚ್ಚೂ ಇರಲಿಲ್ಲ. ಭಾನುವಾರ ಬಂತೆಂದರೆ ಶಿವಾಜಿನಗರದ ಗುಜರಿ ಗಲ್ಲಿಗೆ ಹೋಗಿ, ಅಲ್ಲಿ ರೇಡಿಯೋ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಲತೀಫನ ಜೊತೆ ಕೂತು, ಮಿಲಿಟರಿ ಆಫೀಸರುಗಳ ಬಂಗಲೆಗಳಿಂದ ಬಂದ ಕೆಟ್ಟ ರೆಕಾರ್ಡ್ ಪ್ಲೇಯರು, ಸ್ಪೀಕರು, ಆಂಪ್ಲಿಫೈಯರುಗಳನ್ನು ಆರಿಸಿ ತರುತ್ತಿದ್ದ. ಒಂದೊಂದನ್ನು ಬಿಚ್ಚಿ, ಒರೆಸಿ, ಜೀವ ಬರಿಸಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು.

ಒಂದು ದಿನ ಅವಳನ್ನು ಕರೆದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿದ.

"ಇಲ್ಲೇ ಕೂತ್ಕೋ. ಅಲ್ಲಾಡಬೇಡ."

ಎದುರಿಗೆ ಗೋಡೆಯ ಎರಡು ಮೂಲೆಗೆ ಎರಡು ಸ್ಪೀಕರ್ ಪೆಟ್ಟಿಗೆ. ಅವನು ತಿರುಗುತ್ತಿದ್ದ ಹಾಡಿನ ಪ್ಲೇಟಿನ ಮೇಲೆ ಮುಳ್ಳು ಇಟ್ಟ. ಒಬ್ಬ ಹೆಂಗಸು ಹಾಡತೊಡಗಿದಳು. ಆ ಪೆಟ್ಟಿಗೆಯಿಂದಲ್ಲ, ಈ ಪೆಟ್ಟಿಗೆಯಿಂದಲೂ ಅಲ್ಲ. ನಡುವೆ ಏನೂ ಇಲ್ಲದ ಬರಿಗೋಡೆಯ ಮುಂದೆ, ಮಾರು ದೂರದಲ್ಲಿ, ಉಸಿರು ಎಳೆದುಕೊಳ್ಳುವುದೂ ಕೇಳುವಷ್ಟು ಹತ್ತಿರ. ಧನಲಕ್ಷ್ಮಿ ಚೀರಿ ಎದ್ದುಬಿಟ್ಟಳು.

"ಯಾರದು?"

ಅವನು ನಗುತ್ತಾ ಗೋಡೆಗೆ ಒರಗಿದ. "ಎರಡೂ ಪೆಟ್ಟಿಗೆ ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡ್ರೆ ಹಾಡೋರು ಮಧ್ಯದಲ್ಲಿ ಬಂದು ಕೂತ್ಕೋತಾರೆ. ಹೊಂದಿಲ್ಲ ಅಂದ್ರೆ ಬರಲ್ಲ. ಅಷ್ಟೇ ಕಣೇ."

ಆ ಭಯ ಒಂದು ವಾರದಲ್ಲಿ ಹೋಯಿತು. ಇನ್ನೊಂದು ಭಯ ಬಂದಿದ್ದು ಅದಾದ ಎರಡು ತಿಂಗಳಿಗೆ. ಅವಳು ಬಾಗಿಲ ಹತ್ತಿರ ನೆಲ ಒರೆಸುತ್ತಿದ್ದಳು. ಅವನು ಆಂಪ್ಲಿಫೈಯರಿನ ಪ್ಲಗ್ ಕಿತ್ತು ಪಕ್ಕಕ್ಕೆ ಎಸೆದಿದ್ದನ್ನು ಕಣ್ಣಾರೆ ನೋಡಿದ್ದಳು. ಒಳಗೆ ಕೈ ಹಾಕಿದವನು ಯಾರೋ ಒದ್ದ ಹಾಗೆ ಹಿಂದಕ್ಕೆ ಹಾರಿ ಬಿದ್ದ. ತುಟಿ ನೀಲಿಗಟ್ಟಿತ್ತು. ಮಾವ ಓಡಿಬಂದು ಎದೆ ಉಜ್ಜಿದ ಮೇಲೆ ಮಾತಾಡಿದ.

"ಪ್ಲಗ್ ಕಿತ್ತಿದ್ದೆ ಕಣೇ. ಆದ್ರೂ ಕರೆಂಟು ಕಂಡೆನ್ಸರ್ ಒಳಗೆ ಕೂತಿತ್ತು."

ಕಿತ್ತ ಮೇಲೂ ಒಳಗೆ ಕೂತಿರುವ ಕರೆಂಟು. ಅಂದಿನಿಂದ ಧನಲಕ್ಷ್ಮಿ ಆ ಕೋಣೆಯಲ್ಲಿ ಒಂದು ಸಾಮಾನನ್ನೂ ಮುಟ್ಟಲಿಲ್ಲ. ಪೊರಕೆಯೂ ಹೊಸ್ತಿಲಲ್ಲೇ ನಿಲ್ಲುತ್ತಿತ್ತು. ಅವನೂ ಜಾಗರೂಕನಾದ. ಯಾವ ಯಂತ್ರದ ಒಳಗೆ ಕೈ ಹಾಕುವ ಮುಂಚೆಯೂ ಹಜಾರದ ಬೋರ್ಡಿನಲ್ಲಿ ಆ ಕೋಣೆಯ ಮೇನ್ ಸ್ವಿಚ್ಚನ್ನು ಕೆಳಗೆ ಮಾಡಿ, ಕರೆಂಟು ತೆಗೆದು ಬರುತ್ತಿದ್ದ. ಹೊಸ ಮನೆ ಕಟ್ಟಿದಾಗ ಆ ಸ್ವಿಚ್ಚಿಗೆ ಕೆಂಪು ಬಣ್ಣ ಬಳಿದು, "ಇದು ಕೆಳಗಿದ್ರೆ ನನ್ನ ಕೇಳದೆ ಯಾರೂ ಎತ್ತಬಾರದು" ಎಂದು ಮನೆಯವರಿಗೆಲ್ಲ ಹೇಳಿದ್ದ.

ಅವಳದ್ದೂ ಒಂದು ಅಭ್ಯಾಸ ಬೆಳೆಯಿತು. ಅವನು ಕೋಣೆಯಲ್ಲಿದ್ದಾಗ ಅಡುಗೆಮನೆಯಿಂದಲೇ ಕಿವಿ ಕೊಟ್ಟಿರುತ್ತಿದ್ದಳು. ಕೆಮ್ಮು, ಸ್ಕ್ರೂಡ್ರೈವರ್ ಬಿದ್ದ ಸದ್ದು, ಗುನುಗು. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲವೆಂದರೆ ಕೂಗುತ್ತಿದ್ದಳು: "ರೀ."

"ಹೂಂ."

ಅಷ್ಟೇ. ಮೂವತ್ತಾರು ವರ್ಷ ಆ ಮನೆಯಲ್ಲಿ ದಿನಕ್ಕೆ ಹತ್ತು ಸಲ ಈ ಎರಡು ಮಾತು ನಡೆದಿತ್ತು.

*

"ಸ್ಮಶಾನದವರು ಹನ್ನೊಂದೂವರೆಗೆ ಟೈಮ್ ಕೊಟ್ಟಿದಾರೆ," ನಿತೀಶ್ ಚಂದ್ರಾಮಪ್ಪನಿಗೆ ಹೇಳುತ್ತಿದ್ದ. "ಎಲೆಕ್ಟ್ರಿಕ್‌ಗೇ ಹಾಕ್ಬಿಡೋಣ. ಸೌದೆ ಅಂದ್ರೆ ಸಂಜೆ ಆಗುತ್ತೆ."

"ಬೇಡ!" ಧನಲಕ್ಷ್ಮಿ ಎದ್ದು ನಿಂತಿದ್ದಳು. "ಕರೆಂಟಿಗೆ ಹಾಕ್ಬೇಡಿ. ಅವರನ್ನ ಕರೆಂಟಿಗೆ ಕೊಡ್ಬೇಡಿ."

ಎಲ್ಲರೂ ಅವಳತ್ತ ತಿರುಗಿದರು. ಯಾರೋ ಹೆಂಗಸು ಭುಜ ಹಿಡಿದು ಕೂರಿಸಿದಳು. "ಸಂಕಟ, ಏನೇನೋ ಮಾತಾಡ್ತಾಳೆ, ಬಿಡಿ," ಎಂದಿತು ಒಂದು ದನಿ. ಚಿಕ್ಕಮುನಿಯಮ್ಮ ಮತ್ತೊಮ್ಮೆ ತಮ್ಮನ ಬಲಗೈಯ ಕಡೆ ನೋಡಿದಳು.

ಆಗ ಲತೀಫ್ ಬಂದ. ಬಿಳಿ ಗಡ್ಡ, ಮಂಡಿನೋವಿನ ನಡಿಗೆ. ದೇಹದ ಪಕ್ಕ ಬಂದು ನಿಂತ. ಆಮೇಲೆ ಜೇಬಿನಿಂದ ಹತ್ತಿಯಲ್ಲಿ ಸುತ್ತಿದ ಹಳೇ ಆಂಪ್ಲಿಫೈಯರಿಗೆ ಹಾಕುವ, ಬಲ್ಬಿನಂಥ ಒಂದು ಪುಟ್ಟ ಗಾಜಿನ ವಾಲ್ವನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡ.

"ಮೂರು ತಿಂಗಳಿಂದ ಕೇಳ್ತಿದ್ರು ಆಂಜನ್ ಭಾಯ್. ಮೊನ್ನೆ ಸಿಕ್ತು. ಇವತ್ತು ತರ್ತೀನಿ ಅಂದಿದ್ದೆ ಅಕ್ಕಾ." ಅವನ ನೋಟ ಬೀಗ ಹಾಕಿದ್ದ ಕೋಣೆಯ ಕಡೆ ಹೋಯಿತು. "ಕೆಲಸ ಮಾಡ್ತಾನೇ ಹೋದ್ರಂತಲ್ಲ. ಟೇಬಲ್ ಮೇಲೆ ಹಂಗೇ ಇದೆಯಾ ಎಲ್ಲಾ?"

ಧನಲಕ್ಷ್ಮಿ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈಯನ್ನು ಸೆರಗಿನ ಮೇಲಿಂದಲೇ ಮುಟ್ಟಿಕೊಂಡಳು. ಇವನೊಬ್ಬನಿಗೆ ತಿಳಿಯುತ್ತದೆ. ಒಂದು ಸಲ ನೋಡಿದರೆ ಸಾಕು, ಏನು ನಡೆದಿದೆ ಅಂತ ಇವನಿಗೆ ತಿಳಿದುಹೋಗುತ್ತದೆ.

"ಅಮ್ಮಾ, ರೂಮ್ ಕೀ ಕೊಡು," ನಿತೀಶ್ ಬಂದ. "ಟೇಬಲ್ ಮೇಲಿರೋ ಸೆಟ್ಟಿಗೆ ಕರೆಂಟ್ ಕೊಟ್ಟು ಅಪ್ಪನ ಪ್ಲೇಟ್ ಒಂದು ಹಾಕ್ತೀನಿ. ಬರೀ ತಮಟೇಲಿ ಕಳಿಸೋಕೆ ಮನಸ್ಸು ಬರ್ತಿಲ್ಲ."

"ನೀನು ಮುಟ್ಟಬೇಡ!"

ತಮಟೆಯವರ ಮಾತೂ ನಿಂತಿತು. ಗಂಡನನ್ನು ಕೊಂದ ಕೋಣೆಗೆ ಮಗ ಹೋಗುವುದಾದರೆ, ಇನ್ನು ಸುಮ್ಮನಿರಲು ಅವಳಿಗೆ ಆಗುವಂತಿರಲಿಲ್ಲ.

"ಲತೀಫಣ್ಣ ಬರ್ಲಿ," ಎಂದಳು. "ಅವರೊಬ್ರೇ."

*

ಹಿಂದಿನ ದಿನ ಬೆಳಿಗ್ಗೆ ಅವರಿಬ್ಬರಿಗೂ ಸಣ್ಣ ಜಗಳವಾಗಿತ್ತು. ಅವಳು ಮೂರು ಸಲ "ರೀ" ಅಂದಿದ್ದಳು. ಈಚೆಗೆ ಕಿವಿ ಮಂದವಾಗಿದ್ದ ಅವನು ಮೂರನೆಯದಕ್ಕೆ ಸಿಡುಕಿ ಹೊರಗೆ ಬಂದಿದ್ದ. "ಕೈಯಲ್ಲಿ ಕೂದಲಿನಂಥ ತಂತಿ ಇರುತ್ತೆ, ನೀನು ರೀ ಅಂತೀಯ, ಕೈ ಅಲ್ಲಾಡುತ್ತೆ. ನಾನೇನು ಇಲ್ಲಿ ಸಾಯೋಕೆ ಕೂತಿದೀನಾ?"

"ಇನ್ಮೇಲೆ ಕರೆಯಲ್ಲ, ಹೋಗಿ," ಅಂದಿದ್ದಳು.

ಹಲಸೂರಿನ ಮಾರ್ಕೆಟ್ಟಿಗೆ ಹೋಗಿ ಬಂದಾಗ ಹನ್ನೊಂದು ದಾಟಿತ್ತು. ಹಾಲು ಇಡಲು ಫ್ರಿಜ್ ತೆಗೆದರೆ ಒಳಗೆ ಕತ್ತಲು. ಮನೆ ಕಟ್ಟುವಾಗ ವಯರಿಂಗ್ ಮಾಡಿದವನು ಕೋಣೆಯನ್ನೂ ಫ್ರಿಜ್ಜನ್ನೂ ಒಂದೇ ಸ್ವಿಚ್ಚಿಗೆ ಸೇರಿಸಿದ್ದ. ಹಜಾರಕ್ಕೆ ಬಂದು ನೋಡಿದಳು. ಕೆಂಪು ಸ್ವಿಚ್ಚು ಕೆಳಗಿತ್ತು. ಬೇಸಿಗೆ ಶುರುವಾದಾಗಿನಿಂದ ಅದು ತಾನಾಗಿಯೇ ಬೀಳುವುದೂ ಇತ್ತು.

"ರೀ, ಸ್ವಿಚ್ ಎತ್ಲಾ?"

ಹೂಂ ಬರಲಿಲ್ಲ.

ಇನ್ನೊಂದು ಸಲ ಕೂಗಬಹುದಾಗಿತ್ತು. ಎಂಟು ಹೆಜ್ಜೆ ನಡೆದು ನೋಡಬಹುದಾಗಿತ್ತು. ಬೆಳಗಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಎತ್ತಿಬಿಟ್ಟಳು. ಫ್ರಿಜ್ ಗುಂಯ್ ಎಂದಿತು. ಒಲೆಯ ಮೇಲೆ ಹಾಲಿಟ್ಟಳು. ಸ್ವಲ್ಪ ಹೊತ್ತಿಗೆ ಕೋಣೆಯಿಂದ ಬೆಸುಗೆಯ ರಾಳದ ವಾಸನೆ ಬಂತು. ಕೆಲಸ ನಡೀತಿದೆ, ಬೇಕಂತಲೇ ಮಾತಾಡ್ತಿಲ್ಲ ಎಂದುಕೊಂಡಳು. ಅದರ ಜೊತೆಗೆ ಇನ್ನೊಂದು ವಾಸನೆಯೂ ಇತ್ತು. ಹಾಲು ತಳ ಹಿಡಿಯಿತೇನೋ ಎಂದು ಒಲೆ ಸಣ್ಣ ಮಾಡಿದಳು.

ಕಾಫಿ ತೆಗೆದುಕೊಂಡು ಹೋದಾಗ ಅವನು ಸ್ಟೂಲಿನ ಮೇಲೆ ಕೂತೇ ಇದ್ದ. ತಲೆ ಟೇಬಲ್ಲಿಗೆ ಒರಗಿತ್ತು. ಎಡಗೈ ಆಂಪ್ಲಿಫೈಯರಿನ ಒಳಗಿತ್ತು. ಅವಳು ಗೋಡೆಯ ಬೋರ್ಡಿಗೆ ಸಿಕ್ಕಿಸಿದ್ದ ವಯರುಗಳನ್ನೆಲ್ಲ ಬಾಚಿ ಕಿತ್ತಳು, ಅವನನ್ನು ಹಿಡಿದು ಅಲ್ಲಾಡಿಸಿದಳು, ಏನೇನೋ ಕೆಳಗೆ ಬಿದ್ದವು. ಮಿಕ್ಕಿದ್ದೆಲ್ಲ ಮಹಡಿಯಿಂದ ಓಡಿಬಂದವರ ಗದ್ದಲದಲ್ಲಿ ನಡೆದುಹೋಯಿತು.

ಆಸ್ಪತ್ರೆಯಿಂದ ವಾಪಸು ಬಂದ ಮೇಲೆ ಅವಳು ಮಾಡಿದ ಮೊದಲ ಕೆಲಸ, ಯಾರೂ ನೋಡದಂತೆ ಆ ಸ್ವಿಚ್ಚನ್ನು ಮತ್ತೆ ಕೆಳಗೆ ಮಾಡಿದ್ದು. ಎರಡನೆಯದು ಕೋಣೆಗೆ ಬೀಗ ಹಾಕಿದ್ದು.

*

ಬಾಗಿಲು ಮುಂದೆ ಮಾಡಿ ಧನಲಕ್ಷ್ಮಿ ಅದಕ್ಕೇ ಬೆನ್ನು ಕೊಟ್ಟು ನಿಂತಳು. ಕಿಟಕಿಯ ಬೆಳಕಿನಲ್ಲಿ ಟೇಬಲ್ಲು ಹಿಂದಿನ ದಿನ ಬಿಟ್ಟಂತೆಯೇ ಇತ್ತು. ಕಾಫಿ ಲೋಟದಲ್ಲಿ ಕೆನೆ ಕಟ್ಟಿತ್ತು.

"ಏನೂ ಮುಚ್ಚಿಡಬಾರ್ದು ಲತೀಫಣ್ಣ. ನಿಮ್ಮ ಮೊಮ್ಮಗಳು ಅರೀಬಾ ಮೇಲೆ ಆಣೆ ಮಾಡಿ."

"ಮಕ್ಕಳ ಮೇಲೆ ಆಣೆ ನಮ್ಮಲ್ಲಿ ಮಾಡಲ್ಲ ಅಕ್ಕಾ. ಮೇಲಿರೋನು ನೋಡ್ತಿದಾನೆ, ಸಾಕು. ಹೇಳಿ, ಏನಾಯ್ತು?"

ಅವಳು ಹೇಳಿದಳು. ಒಂದೂ ಬಿಡದೆ, ಅವನ ಮುಖ ನೋಡದೆ, ಬೆಳಗಿನ ಜಗಳದಿಂದ ಹಿಡಿದು ಸ್ವಿಚ್ಚನ್ನು ವಾಪಸು ಇಳಿಸಿದವರೆಗೆ. ಕೊನೆಗೆ, "ನಾನೇ ಕೊಂದೆ ಅಂತಾದ್ರೆ ಹಂಗೇ ಹೇಳ್ಬಿಡಿ. ಇವತ್ತು ಗೊತ್ತಾಗ್ಲಿಲ್ಲ ಅಂದ್ರೆ ನನಗೆ ಹುಚ್ಚು ಹಿಡಿಯುತ್ತೆ," ಎಂದಳು.

ಲತೀಫ್ ಕನ್ನಡಕ ಹಾಕಿಕೊಂಡು ಆಂಪ್ಲಿಫೈಯರಿನ ಸುತ್ತ ಒಂದು ಸಲ ನೋಡಿದ. ಅದರ ಬೆನ್ನಿನ ಕಡೆ ಬೆರಳಾಡಿಸಿದ. ಆಮೇಲೆ ಸ್ಕ್ರೂಗಳನ್ನು ಹಾಕಿಟ್ಟಿದ್ದ ಡಬ್ಬಿಯ ಮುಚ್ಚಳವನ್ನು ಬೆಳಕಿಗೆ ಹಿಡಿದ. ಸ್ಕ್ರೂಗಳ ನಡುವೆ ಹುರುಳಿಕಾಯಿಯ ತುಂಡಿನಷ್ಟು ಒಂದು ಗಾಜಿನ ಕೊಳವೆ ಇತ್ತು.

"ಇದು ಇದರ ಫ್ಯೂಸ್. ಒಳಗೆ ಇರಬೇಕಾದದ್ದು. ಕೈ ಹಾಕೋಕೆ ಮುಂಚೆ ಕಿತ್ತು ಇಲ್ಲಿ ಇಟ್ಟಿದಾರೆ. ಇದಿಲ್ಲದೆ ನೀವು ನೂರು ಸ್ವಿಚ್ ಎತ್ತಿದ್ರೂ ಕರೆಂಟ್ ಒಳಗೆ ಹೋಗಲ್ಲ."

"ಒಳಗೆ ಕೂತಿರುತ್ತಲ್ಲ, ಅದು?"

ಅವನು ಒಳಗೆ ತೋರಿಸಿದ. ದಪ್ಪ ಕಂಡೆನ್ಸರಿನ ಎರಡು ಮೂತಿಗೂ ಕ್ಲಿಪ್ಪು ಕಚ್ಚಿಸಿದ ವಯರೊಂದು ಹಾಗೆಯೇ ಇತ್ತು. "ಅದನ್ನೂ ಇಳಿಸಿದಾರೆ. ನೋಡಿ." ಸ್ಕ್ರೂಡ್ರೈವರನ್ನು ಅಡ್ಡ ಇಟ್ಟ. ಧನಲಕ್ಷ್ಮಿ ಎರಡೂ ಕಿವಿ ಮುಚ್ಚಿಕೊಂಡಳು. ಕಿಡಿ ಹಾರಲಿಲ್ಲ, ಸದ್ದೂ ಆಗಲಿಲ್ಲ.

"ಖಾಲಿ. ಇದು ಆಂಜನ್ ಭಾಯ್‌ನ ಏನೂ ಮಾಡಿಲ್ಲ ಅಕ್ಕಾ."

"ಹಂಗಾದ್ರೆ ಬೆರಳು?"

ಲತೀಫ್ ಕಷ್ಟಪಟ್ಟು ಬಗ್ಗಿ ಟೇಬಲ್ಲಿನ ಕೆಳಗೆ ಬಿದ್ದಿದ್ದ ಸೋಲ್ಡರಿಂಗ್ ಐರನ್ ಎತ್ತಿದ. ಅದರ ಮೂತಿಯ ಮೇಲೆ ಏನೋ ಒಣಗಿ ಅಂಟಿತ್ತು. ಅವನು ಅದನ್ನು ತಟ್ಟನೆ ಕರವಸ್ತ್ರದಲ್ಲಿ ಸುತ್ತಿದ. ಅಷ್ಟರಲ್ಲಿ ಅವಳು ನೋಡಿಯಾಗಿತ್ತು.

"ಲೈನ್ ಇಲ್ದಾಗ ಇದು ತಣ್ಣಗೆ ಸ್ಟ್ಯಾಂಡಿನಲ್ಲಿತ್ತು," ಎಂದ ತಗ್ಗಿದ ದನಿಯಲ್ಲಿ. "ನೀವು ಸ್ವಿಚ್ ಎತ್ತಿದ ಮೇಲೆ ಕಾದಿದೆ. ಬಲಗೈ ಪಕ್ಕದಲ್ಲೇ ಒರಗಿತ್ತು."

"ಕಾಯೋಕೆ ಐದು ನಿಮಿಷ ಬೇಕಲ್ಲ. ಅವರು ಕೈ ಎಳ್ಕೊಳ್ಳಲಿಲ್ವಾ?"

ಕೇಳಿದ ಮೇಲೆ ಆ ಪ್ರಶ್ನೆಯ ಅರ್ಥ ಅವಳಿಗೇ ಹೊಳೆಯಿತು.

"ಐವತ್ತು ವರ್ಷ ಐರನ್ ಹಿಡಿದ ಕೈ," ಎಂದ ಲತೀಫ್. "ಬಿಸಿ ಹತ್ರ ಬಂದ್ರೆ ನಿದ್ದೇಲೂ ಎಳ್ಕೊಳ್ಳೋ ಕೈ ಅದು. ಎಳ್ಕೊಂಡಿಲ್ಲ ಅಂದ್ರೆ, ನೀವು ಸ್ವಿಚ್ ಎತ್ತೋ ಹೊತ್ತಿಗೆ ಅವರು ಇರ್ಲಿಲ್ಲ ಅಕ್ಕಾ. ಎದೆ ನಿಂತೋಗಿತ್ತು."

"ನಾನು ರೀ ಅಂದಾಗ?"

"ಇರ್ಲಿಲ್ಲ."

ಧನಲಕ್ಷ್ಮಿ ನೆಲದ ಮೇಲೆ ಕೂತಳು. ಹಾಲು ತಳ ಹಿಡಿದ ವಾಸನೆ ಅವಳ ಮೂಗಿಗೆ ಮತ್ತೆ ಬಂತು. ಅದು ಹಾಲಿನದಲ್ಲ. ಒಲೆ ಸಣ್ಣ ಮಾಡಿ, ಸಕ್ಕರೆ ಡಬ್ಬಿ ಹುಡುಕುತ್ತಿದ್ದ ಆ ಹೊತ್ತಿನಲ್ಲೇ ಅವನ ಬೆರಳು ಸುಡುತ್ತಿತ್ತು. ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಕೊಂದಿಲ್ಲ ಎಂದು ತಿಳಿದ ಮೇಲೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಹಗುರಾಗಲಿಲ್ಲ.

ಲತೀಫ್ ಸ್ಟೂಲಿನ ಮೇಲೆ ಕೂರಲಿಲ್ಲ. ಗೋಡೆ ಹಿಡಿದುಕೊಂಡು ಅವಳು ಏಳುವವರೆಗೂ ನಿಂತೇ ಇದ್ದ.

*

ಚಟ್ಟ ಕಟ್ಟಿಯಾಗಿತ್ತು. ಧನಲಕ್ಷ್ಮಿ ಮಗನನ್ನು ಮೆಟ್ಟಿಲ ಕೆಳಗಿನ ಮರೆಗೆ ಕರೆದಳು.

"ಕೆಂಪು ಸ್ವಿಚ್ಚು ನಿನ್ನೆ ನಾನು ಎತ್ತಿದ್ದೆ. ಕೇಳಿದೆ, ಅವರು ಹೂಂ ಅನ್ನಲಿಲ್ಲ, ಆದ್ರೂ ಎತ್ತಿದೆ. ಅದರಿಂದ ಆಗಿದ್ದಲ್ಲ ಅಂತ ಲತೀಫಣ್ಣ ನೋಡಿ ಹೇಳಿದ್ರು. ಬೆರಳು ಸುಟ್ಟಿದ್ದು ಆಮೇಲೆ, ಐರನ್ ಕಾದು."

ನಿತೀಶ್ ಅವಳನ್ನು ನೋಡಿದ. ಆ ಒಂದು ಗಳಿಗೆ ಅವಳಿಗೆ ನಿನ್ನೆಯಿಂದ ಅನುಭವಿಸಿದ ಎಲ್ಲ ಹೆದರಿಕೆಗಿಂತ ದೊಡ್ಡದಾಗಿತ್ತು.

"ರಾತ್ರಿಯೆಲ್ಲಾ ಇದನ್ನ ಇಟ್ಕೊಂಡು ಕೂತಿದ್ಯಾ?" ಎಂದ. ಆಮೇಲೆ ಹಣೆಯನ್ನು ಅವಳ ಭುಜಕ್ಕೆ ಆನಿಸಿ ಅಳತೊಡಗಿದ. ಅಪ್ಪ ಸತ್ತ ಮೇಲೆ ಅವನು ಮೊದಲ ಸಲ ಅತ್ತಿದ್ದು ಆಗಲೇ.

ಚಿಕ್ಕಮುನಿಯಮ್ಮ ಹತ್ತಿರ ಬಂದು ಇಬ್ಬರನ್ನೂ ನೋಡಿ, "ಏನೈತೋ ನಂಗೆ ಬೇಡ. ಹೇಳ್ಕೊಂಡ್ಯಲ್ಲ, ಅಷ್ಟು ಸಾಕು. ಬಾ, ಅಕ್ಕಿ ಹಾಕು," ಎಂದಳು.

ಧನಲಕ್ಷ್ಮಿ ಗಂಡನ ಬಾಯಿಗೆ ಅಕ್ಕಿ ಹಾಕಿದಳು. "ಟೈಮ್ ಆಗುತ್ತೆ, ನೀವು ಅಂದುಕೊಂಡ ಹಂಗೆ ಕರೆಂಟಿಗೇ ಕೊಡಿ," ಎಂದಳು ಮಗನಿಗೆ. ತಮಟೆ ಶುರುವಾಯಿತು. ಪುರಿ, ಸೇವಂತಿಗೆ ಎರಚುತ್ತಾ ಗಂಡಸರು ಗಲ್ಲಿಯ ತಿರುವು ದಾಟಿದರು. ಲತೀಫ್ ಎಲ್ಲರಿಗಿಂತ ಹಿಂದೆ, ಮಂಡಿ ಹಿಡಿದುಕೊಂಡು ನಡೆದ.

ಹೆಂಗಸರು ಅಂಗಳ ತೊಳೆಯತೊಡಗಿದ್ದರು. ಧನಲಕ್ಷ್ಮಿ ಕೈ ತೊಳೆದುಕೊಂಡು ಗೇಟಿನ ಹತ್ತಿರ ನಿಂತಿದ್ದಳು. ತಮಟೆಯ ಸದ್ದು ಅಡಗುವ ಹೊತ್ತಿಗೆ ಗಲ್ಲಿಯ ಆ ತುದಿಯಲ್ಲಿ ಒಂದು ಆಟೋ ನಿಂತಿತು. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಬೆಡ್‌ಶೀಟಿನಲ್ಲಿ ಸುತ್ತಿದ ದೊಡ್ಡ ಪೆಟ್ಟಿಗೆಯೊಂದನ್ನು ಅವಚಿಕೊಂಡು ಬಂದಳು. ಶೀಟಿನ ಅಂಚಿನಿಂದ ರೆಕಾರ್ಡ್ ಪ್ಲೇಯರಿನ ವಯರು ಜೋತಾಡುತ್ತಿತ್ತು.

"ಮುನಿಆಂಜನಪ್ಪನವರ ಮನಿ ಇದೇ ಏನ್ರಿ? ನಾ ವಿಮಲಾಕ್ಷಿ, ಕಲ್ಯಾಣ ನಗರದಿಂದ. ಮೊನ್ನೆ ಫೋನಿನಾಗ, ರಿಪೇರಿ ಮಾಡಿ ಕೊಡ್ತೀನಿ, ತಗೊಂಡು ಬರ್ರಿ ಅಂದಿದ್ರು. ನಿನ್ನಿಯಿಂದ ಫೋನ್ ಎತ್ತವಲ್ರು."

"ಅವರು ಹೋದ್ರು," ಎಂದಳು ಧನಲಕ್ಷ್ಮಿ.

"ಎಲ್ಲಿಗ್ರಿ?" ಎಂದವಳು ಕಾಲ ಕೆಳಗಿನ ಹೂವನ್ನು ಆಗ ನೋಡಿದಳು. ಶಾಮಿಯಾನವನ್ನು ನೋಡಿದಳು. ಹಿಂದೆ ತಿರುಗಿದರೆ ಆಟೋ ಹೊರಟುಹೋಗಿತ್ತು. ಹೂವು ಬಿದ್ದಿದ್ದ ನೆಲದ ಮೇಲೆ ಪೆಟ್ಟಿಗೆ ಇಡಲು ಮನಸ್ಸು ಬಾರದೆ, ಅದನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿಕೊಳ್ಳುತ್ತಾ ನಿಂತಳು.

"ಇದರಲ್ಲಿ ಕರೆಂಟ್ ಉಳಿದಿರಲ್ಲ ತಾನೇ?" ಧನಲಕ್ಷ್ಮಿ ಕೇಳಿದಳು.

"ನಂಗ ಗೊತ್ತಿಲ್ರಿ. ನಮ್ಮ ಅಪ್ಪಾರದು. ಇಪ್ಪತ್ತು ವರ್ಷ ಆತು, ಹಚ್ಚಿಲ್ಲ."

ಧನಲಕ್ಷ್ಮಿ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಬೆರಳುಗಳ ಸಂದಿಯನ್ನೂ ಬಿಡದೆ, ಎರಡೆರಡು ಸಲ. ಆಮೇಲೆ ಪೆಟ್ಟಿಗೆಯ ಕೆಳಗೆ ಅಂಗೈ ಕೊಟ್ಟಳು. ಇಬ್ಬರೂ ಆಚೀಚೆ ಹಿಡಿದುಕೊಂಡು, ಬೀದಿಯ ಸೇವಂತಿಗೆ, ಪುರಿ ತುಳಿಯದಂತೆ ಒಂದೊಂದೇ ಹೆಜ್ಜೆ ನೋಡಿ ಇಡುತ್ತಾ, ಅಡ್ಡಡ್ಡಲಾಗಿ ಗೇಟಿನೊಳಗೆ ನಡೆದರು.